ಮಿಣುಕದ ಬಲ್ಬು

ಮೈದುನ ಅಂಗಳದಲ್ಲಿ ತನ್ನ ಎಲೆಕ್ಟ್ರಿಕ್ ಆಟೋವನ್ನು ಚಾರ್ಜಿಗೆ ಹಾಕಿ, ಜಗಲಿಯಿಂದಲೇ ಒಳಗೆ ಅತ್ತಿಗೆಯ ಹೊಲಿಗೆ ಯಂತ್ರದ ಮೇಲಿದ್ದ ಬಲ್ಬನ್ನೇ ನೋಡುತ್ತ ಕೂತ. ಬಲ್ಬು ಮಿಣುಕಲಿಲ್ಲ. ಯಂತ್ರ ನರಳಲಿಲ್ಲ.

ಹಳೆಯ ಚಾರ್ಜರ್ ಕರೆಂಟನ್ನು ಗಬಗಬನೆ ಎಳೆಯುತ್ತಿತ್ತು. ಎಳೆದಾಗಲೆಲ್ಲ ಬಲ್ಬು ಮಿಣುಕಿ, ಅತ್ತಿಗೆಯ ಹೊಲಿಗೆ ಸೊಟ್ಟಗಾಗುತ್ತಿತ್ತು. “ಈ ಮನೇಲಿ ಒಂದೋ ನನ್ನ ಮಿಷನ್ನು, ಇಲ್ಲ ನಿನ್ನ ಗಾಡಿ” ಎಂದವಳು ಮೂರು ವಾರದಿಂದ ಮಾತು ಬಿಟ್ಟಿದ್ದಳು. ಇವತ್ತು ಅವನು ಕರೆಂಟನ್ನು ಒಂದೇ ಸಮನೆ ಎಳೆಯುವ ಹೊಸ ಚಾರ್ಜರ್ ತಂದಿದ್ದ. ಅವಳಿಗೆ ಹೇಳಿರಲಿಲ್ಲ.

ತೋಳಿನ ಹೊಲಿಗೆ ಮುಗಿಸಿದ ಅತ್ತಿಗೆ ತಲೆಯೆತ್ತಿ ಮಿಣುಕದ ಬಲ್ಬನ್ನು ನೋಡಿದಳು. ಆಮೇಲೆ ಯಂತ್ರವನ್ನು ಆರಿಸಿದಳು.

“ನನಗೋಸ್ಕರ ಗಾಡೀನ ಉಪವಾಸ ಕೆಡವ್ಬೇಡ ಕಣೋ. ಚಾರ್ಜಿಗೆ ಹಾಕ್ಕೋ. ಅಷ್ಟೊತ್ತು ನಾನು ಕೈಯಲ್ಲೇ ಗುಂಡಿ ಹೊಲೀತೀನಿ.”

ಅಷ್ಟರಲ್ಲಾಗಲೇ ಅರ್ಧ ಚಾರ್ಜು ಏರಿತ್ತು. ಮೈದುನ ಒಳಗೆ ಹೋಗಿ, ಅವಳ ಸೂಜಿಗೆ ದಾರ ಪೋಣಿಸಿಕೊಟ್ಟ.