ಖರೇನ ಬಂದಾಕಿ

ಎಲ್ಲರೂ ತಾವು ಮನೆಯಲ್ಲೇ ಕೂತು, ಬೆಳಕಿನ ಬಿಂಬವಾಗಿ ಹೋಗಿ ಮಾತನಾಡಿಸಿ ಬರುವ ಕಾಲ. ಎರಡೂ ಕೈ ಮುರಿದುಕೊಂಡು ಗದಗಿನ ಆಸ್ಪತ್ರೆಯಲ್ಲಿದ್ದ ನೀಲವ್ವನನ್ನು ನೋಡಲು ಹನ್ನೆರಡು ದಿನ ಬಂದವರೆಲ್ಲ ಬಿಂಬಗಳೇ. ಪ್ರತಿ ಸಲವೂ ಬಾಗಿಲ ಯಂತ್ರ ‘ವರ್ಚುವಲ್’ ಎನ್ನುತ್ತಿತ್ತು. ಇಂದು ತಂಗಿ ದ್ಯಾಮವ್ವ ಒಳಬಂದಾಗ ಮಾತ್ರ ‘ಆ್ಯಕ್ಚುವಲ್’ ಎಂದಿತು.

“ಹಂಗಂದ್ರೇನ್ರಿ ಸಿಸ್ಟರ್?” ಎಂದು ನೀಲವ್ವ ಕೇಳಿದಳು.

“ನಿಜ, ವಾಸ್ತವ, ಅಸಲಿ...” ನರ್ಸ್ ತಡವರಿಸಿದಳು. “ಖರೇನ ಬಂದಾರ್ರಿ, ಅಮ್ಮಾ.”

ದ್ಯಾಮವ್ವ ಮಂಚದ ಮೇಲೆ ಕೂತು, ಅಕ್ಕನ ಗಂಟುಗಟ್ಟಿದ ಕೂದಲಿಗೆ ಎಣ್ಣೆ ಹಚ್ಚಿ ಬಾಚತೊಡಗಿದಳು. ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡಿತು. ನೀಲವ್ವನ ಕಣ್ಣು ತುಂಬಿಬಂತು.

“ನೋವಾತೇನಕ್ಕಾ? ಬಿಡ್ಲೇನು?”

“ನೋವಾತು. ಬಿಡಬ್ಯಾಡ ನಮ್ಮವ್ವಾ, ಹಂಗ ಬಾಚು. ಪುಣ್ಯ ಬರಲಿ ನಿನಗ.”