ಬದಲಿ ರೈಡರ್

"ಒಂದೇ ರೈಡಿನಲ್ಲಿ ಏಳೂ ಜನ ಔಟು, ಜೊತೆಗೆ ಅಂಪೈರೂ ಔಟು ಸಾರ್!" ಎಂದ ಗೋವಿಂದರಾಜು. ಆರು ವರ್ಷ ಬದಲಿ ಆಟಗಾರನಾಗಿದ್ದ ಅವನನ್ನು ದೊಡ್ಡ ಲೀಗಿನ ಕಬಡ್ಡಿ ತಂಡ ಕೈಬಿಟ್ಟಿತ್ತು. ಈಗ ಸಾಸಲು ಊರಿನ ತಂಡದಲ್ಲಾದರೂ ಜಾಗ ಬೇಕಿತ್ತು.

"ಆಡಿ ತೋರ್ಸಪ್ಪಾ," ಎಂದರು ಕೋಚ್ ಹನುಮಂತರಾಯಪ್ಪ.

ಅವನು ಗೆರೆ ದಾಟಿ, ಭೂಮಿಯೇ ಉರುಳುವಂತೆ ಕಾಲು ಬೀಸಿದ.

"ಇದು ಆ ಹರಿಯಾಣದ ರೈಡರನ ಒದೆತ," ಎಂದರು ಕೋಚ್.

ಮೋಡ ಮುಟ್ಟುವಂತೆ ಜಿಗಿದ.

"ಇದು ಪುಣೆಯವನದು. ಟೀವೀಲಿ ನಾನೂ ನೋಡಿದ್ದೀನಿ ಕಣಪ್ಪಾ. ನಿನ್ನ ಆಟ ತೋರ್ಸು."

ಗೋವಿಂದರಾಜು ಮತ್ತೆ ಗೆರೆಯ ಬಳಿ ಬಂದ. ಎತ್ತಿದ ಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಟ್ಟ.

"ಪಂದ್ಯಕ್ಕೆ ಒಂದ್ಸಲಾನೂ ಇಳಿಸ್ಲಿಲ್ಲ ಸಾರ್. ಎದುರಾಳಿ ತಂಡದೋರ್ ಥರ ಆಡಿ ನಮ್ಮೋರಿಗೆ ಪ್ರಾಕ್ಟೀಸ್ ಕೊಡೋದೇ ನನ್ ಕೆಲ್ಸ ಆಗಿತ್ತು. ನನ್ ಆಟ ಹೆಂಗಿತ್ತು ಅನ್ನೋದೇ ಮರ್ತೋಯ್ತು."