ಒಂದು ಸುತ್ತಿಗೆ ಒಂದು ಬಟ್ಟಲು

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಈಗಲೂ ನನ್ನ ಬೆರಳ ತುದಿಗಳು ತಾವಾಗಿಯೇ ಒಂದನ್ನೊಂದು ಒತ್ತುತ್ತವೆ.

ಜಕ್ಕೂರಿನ ನಮ್ಮ ತಾರಸಿಯ ಮೇಲೆ ಆ ಮಧ್ಯಾಹ್ನ ನಾನೂ ಅಜ್ಜಿಯೂ ನೆನೆಸಿದ ಅವರೆಕಾಳು ಹಿದುಕುತ್ತಿದ್ದೆವು. ಬಕೆಟ್ ತುಂಬ ಕಾಳು, ಇಬ್ಬರ ಮುಂದೂ ಒಂದೊಂದು ಬಟ್ಟಲು. ಒಂದೊಂದನ್ನೇ ಒತ್ತಿ ಸಿಪ್ಪೆ ಬಿಡಿಸಬೇಕು.

“ನನ್ ಕೈಲಾಗಲ್ಲ ಅಜ್ಜಿ,” ಎಂದು ಎದ್ದೆ.

ಅಜ್ಜಿ ಬೈಯಲಿಲ್ಲ. ಪಕ್ಕದ ವಿಮಾನ ಶಾಲೆಯಲ್ಲಿ ಹಾರಾಟ ಕಲಿಯುವವರ್ಯಾರೋ ಬೆಳಗಿನಿಂದ ಊರ ಕೆರೆಯ ಮೇಲೇ ಸುತ್ತುತ್ತಿದ್ದರು. “ಅವ್ನೂ ಇಂಗೇ ಕಣವ್ವ, ಸುತ್ತಿದ್ದೇ ಸುತ್ತು. ಅವ್ನು ಒಂದ್ ಸುತ್ತು ಬರೋದ್ರೊಳ್ಗೆ ನೀನೊಂದ್ ಬಟ್ಲು ತುಂಬ್ಸು, ನೋಡಾನ.”

ಕುಳಿತೆ. ಕತ್ತೆತ್ತಿ ವಿಮಾನ ಹುಡುಕಿ ಮತ್ತೆ ತಲೆ ತಗ್ಗಿಸುವಷ್ಟರಲ್ಲಿ ನನ್ನ ಬಟ್ಟಲು ತುಂಬಿರುತ್ತಿತ್ತು. ಪಾತ್ರೆಗೆ ಸುರಿದು ಮತ್ತೆ ಶುರು. ಪ್ರತಿ ಸುತ್ತೂ ನಾನೇ ಗೆದ್ದೆ.

ಬಕೆಟ್ ಬರಿದಾದಾಗ ಅಜ್ಜಿಯ ಬಟ್ಟಲು ನೋಡಿ ನಕ್ಕೆ. ಅವಳು ಒಮ್ಮೆಯೂ ಪಾತ್ರೆಗೆ ಸುರಿದಿರಲಿಲ್ಲ, ಆದರೂ ಅದರ ತಳವೂ ಮುಚ್ಚಿರಲಿಲ್ಲ. ಅವಳ ಪಕ್ಕದ ಸಿಪ್ಪೆಯ ಗುಡ್ಡೆ ಮಾತ್ರ ನನ್ನದರ ಎರಡರಷ್ಟಿತ್ತು.